ಹಲ್ಲಿನ ಬಾವಿಗೆ ಗುಳಿಗೆಯೊಂದೇ ಮದ್ದಲ್ಲ

ಅಡಿಕೆ ಕೊಯ್ಲಿನ ಅವಸರದಲ್ಲಿ ಹಲ್ಲುಬೇನೆ ಬಂದರೆ ನಮ್ಮ ಹೊಸರಿತ್ತಿ ಭಾಗದ ಬೆಳೆಗಾರ ಬಂಧುಗಳು ಮೊದಲು ಹೋಗುವುದು ಔಷಧದ ಅಂಗಡಿಗೆ. ಕೇಳಿ ತಂದ ಆಂಟಿಬಯೋಟಿಕ್ ಗುಳಿಗೆ ನುಂಗುತ್ತಾರೆ. ನೋವು ಇಳಿದೊಡನೆ ಹಲ್ಲನ್ನೇ ಮರೆಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಬೇನೆ ಮತ್ತೆ ಹಾಜರಾಗುತ್ತದೆ. ಹೀಗೇಕೆ?

ಹುಳುಕು ಆಳಕ್ಕಿಳಿದಾಗ ಹಲ್ಲಿನೊಳಗಿನ ತಿರುಳು ಸಾಯುತ್ತದೆ. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲ. ಆದ್ದರಿಂದ ರಕ್ತದೊಡನೆ ಸಾಗುವ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕ ಕಾಂಡದೊಳಗೆ ಸೇರಿದ ಮೇಲೆ ಎಲೆಗೆ ಸಿಂಪಡಿಸಿ ಫಲವೇನು? ಗಿಡ ಕಿತ್ತು ಸುಡಬೇಕು. ಹಾಗೆಯೇ ಹಲ್ಲಿಗೂ ಕೀವು ಹೊರತೆಗೆಯುವುದು, ಬೇರುನಾಳದ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು, ಇವೇ ನಿಜವಾದ ಪರಿಹಾರ.

ಹಾಗಾದರೆ ಆಂಟಿಬಯೋಟಿಕ್ ಯಾವಾಗ ಬೇಕು? ಅಮೆರಿಕದ ದಂತವೈದ್ಯರ ಸಂಘವು 2019ರಲ್ಲಿ ವಯಸ್ಕರಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರಂತೆ, ಹಲ್ಲಿನ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ ಬರೀ ಹಲ್ಲುನೋವಿಗೆ, ಒಂದೇ ಕಡೆ ನಿಂತ ಬಾವಿಗೆ ಆಂಟಿಬಯೋಟಿಕ್ ಬೇಡ. ಜ್ವರ, ಸುಸ್ತು ಕಾಣಿಸಿದರೆ ಚಿಕಿತ್ಸೆಯ ಜೊತೆಗೆ ಬೇಕು.

ಯಾವ ಔಷಧ ಮೇಲು?

ಮೊದಲ ಆಯ್ಕೆ ಅಮಾಕ್ಸಿಸಿಲಿನ್: 500 ಮಿ.ಗ್ರಾಂ., ದಿನಕ್ಕೆ 3 ಸಲ, 3ರಿಂದ 7 ದಿನ. ಪೆನಿಸಿಲಿನ್-ವಿ ಆದರೆ ದಿನಕ್ಕೆ 4 ಸಲ ಬೇಕು. ಇವುಗಳಿಂದ ಗುಣ ಕಾಣದಿದ್ದರೆ ವೈದ್ಯರು ಮೆಟ್ರೊನಿಡಜೋಲ್ ಸೇರಿಸಬಹುದು. ಅದನ್ನು ತೆಗೆದುಕೊಳ್ಳುವಾಗ ಮದ್ಯ ಮುಟ್ಟಬಾರದು. ಪೆನಿಸಿಲಿನ್ ಒಗ್ಗದವರಿಗೆ ಅಜಿತ್ರೊಮೈಸಿನ್ ಕೊಡುವುದುಂಟು. ಹಿಂದೆ ಬಹಳ ಬಳಕೆಯಲ್ಲಿದ್ದ ಕ್ಲಿಂಡಮೈಸಿನ್ ಕೆಲವರಿಗೆ ತೀವ್ರ ಭೇದಿ ತರಬಲ್ಲದು. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಉಳಿದ ಹಳೆಯ ಗುಳಿಗೆ ನುಂಗುವುದು, ನೆರೆಯವರ ಚೀಟಿ ತೋರಿಸಿ ಔಷಧ ತರುವುದು ಸಲ್ಲದು. ಬೇಡದ ಕಡೆ ಬಳಸಿದಷ್ಟೂ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ.

ಅಪಾಯದ ಸೂಚನೆಗಳು

ಬಾಯಿ ತೆರೆಯಲಾಗದಿರುವುದು, ಉಗುಳು ನುಂಗಲಾಗದಿರುವುದು, ದವಡೆಯ ಕೆಳಗಿನ ಬಾವು ಕುತ್ತಿಗೆಗೆ ಇಳಿಯುವುದು, ಉಸಿರಾಟಕ್ಕೆ ತೊಂದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೊರಡಬೇಕು. ಬಾವು ಉಸಿರಿನ ದಾರಿಯನ್ನು ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಕೊಯ್ಲಿನಾಳುಗಳಿಗೂ ಈ ವಿಷಯ ತಿಳಿಸಿರಿ. ದಂತವೈದ್ಯರಲ್ಲಿಗೆ ಹೋಗಲು ಒಂದು ದಿನದ ರಜೆ ಕೊಟ್ಟರೆ ತೋಟಕ್ಕೆ ನಷ್ಟವಿಲ್ಲ.