ಆಟದಲ್ಲಿ ಉರುಳಾಗುವ ಕೊರಳಪಟ್ಟಿ

ನಾಯಿ ಕಡಿತಕ್ಕೆ ಚಿಕಿತ್ಸೆ ಪಡೆಯಲು ಬರುವವರೆಲ್ಲ ಬೀದಿನಾಯಿಯಿಂದಲೇ ಕಚ್ಚಿಸಿಕೊಂಡಿರುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಇದು ಪೂರ್ತಿ ನಿಜವಲ್ಲ. ತಾವೇ ಅನ್ನ ಹಾಕಿ ಬೆಳೆಸಿದ ನಾಯಿಯಿಂದ ಕೈ ಹರಿಸಿಕೊಂಡು ಬರುವವರೂ ಇದ್ದಾರೆ. ‘ಎರಡೂ ಜಗಳಾಡಾಕ ಹತ್ತಿದ್ವು ಡಾಕ್ಟ್ರ, ಬಿಡಿಸಾಕ ಹೋದ್ರ ನಮ್ಮ ನಾಯೀನ ಕಡೀತು’ ಎಂಬುದು ಇಂಥವರ ಸಾಮಾನ್ಯ ಮಾತು. ಆದರೆ ಇಂಥ ಜಗಳಗಳಲ್ಲಿ ಕೆಲವು ಜಗಳವೇ ಆಗಿರುವುದಿಲ್ಲ. ಆಟವಾಡುತ್ತಿದ್ದ ಒಂದು ನಾಯಿಯ ಬಾಯಿ ಇನ್ನೊಂದರ ಕೊರಳಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಇದರಿಂದ ನಾಯಿಯ ಜೀವಕ್ಕೂ ಅಪಾಯ, ಬಿಡಿಸಲು ಹೋದವರ ಕೈಗೂ ಅಪಾಯ. ಆದ್ದರಿಂದ ಆರೋಗ್ಯದ ಅಂಕಣದಲ್ಲಿ ನಾಯಿಯ ಬೆಲ್ಟಿನ ಮಾತು ಬಂದರೆ ಓದುಗರು ಅಚ್ಚರಿಪಡಬೇಕಾಗಿಲ್ಲ.

ಬಂಕಾಪುರ, ಶಿಗ್ಗಾವಿ, ಸವಣೂರು ಕಡೆ ಹಿತ್ತಲು ಕಾಯಲು, ಹೊಲ ಕಾಯಲು, ಕುರಿ ಕಾಯಲು ಜನ ನಾಯಿ ಸಾಕುತ್ತಾರೆ. ಹಲವು ಮನೆಗಳಲ್ಲಿ ಎರಡೆರಡು ಇರುತ್ತವೆ. ಸಾಕಿದ ನಾಯಿ ಎಂದು ಗೊತ್ತಾಗಲಿ ಎಂದು ಅವುಗಳ ಕೊರಳಿಗೆ ಚರ್ಮದ ಬೆಲ್ಟು, ನೈಲಾನ್ ಪಟ್ಟಿ, ಗೆಜ್ಜೆಸರ, ಇಲ್ಲವೇ ಒಂದು ತುಂಡು ಹಗ್ಗ ಬಿದ್ದಿರುತ್ತದೆ. ಇದು ತಪ್ಪಲ್ಲ. ಆದರೆ ಕಟ್ಟಿಹಾಕುವಾಗ ಬೇಕಾಗುವ ಪಟ್ಟಿ ಆಟವಾಡುವಾಗ ಬೇಕಾಗಿಲ್ಲ.

ಆಗುವುದು ಹೇಗೆ?

ಎರಡು ನಾಯಿಗಳು ಆಡುವುದನ್ನು ಗಮನಿಸಿ ನೋಡಿ. ಒಂದು ಇನ್ನೊಂದರ ಕುತ್ತಿಗೆಯನ್ನು ಮೆತ್ತಗೆ ಬಾಯಲ್ಲಿ ಹಿಡಿಯುತ್ತದೆ, ಬಿಡುತ್ತದೆ, ಕೆಡವುತ್ತದೆ, ತಾನೂ ಬೀಳುತ್ತದೆ. ಹೀಗೆ ಹಿಡಿಯುವಾಗ ಕೆಳದವಡೆ ಪಟ್ಟಿಯ ಅಡಿಗೆ ತೂರಿಕೊಳ್ಳಬಹುದು. ಕೋರೆಹಲ್ಲು ಕೊಕ್ಕೆಯಂತೆ ಸಿಕ್ಕಿಬಿದ್ದರೆ ಬಾಯಿ ಹೊರಬರುವುದಿಲ್ಲ. ಗಾಬರಿಗೊಂಡ ನಾಯಿ ಹಿಂದಕ್ಕೆ ಜಗ್ಗುತ್ತದೆ, ಮಗ್ಗುಲಾಗಿ ಹೊರಳುತ್ತದೆ. ಆಗ ಪಟ್ಟಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಎರಡನೆಯ ನಾಯಿಯ ಗಂಟಲನ್ನು ಬಿಗಿಯುತ್ತದೆ.

ಕುತ್ತಿಗೆ ಬಿಗಿದಾಗ ಗಾಳಿಯೊಂದೇ ನಿಲ್ಲುವುದಿಲ್ಲ. ತಲೆಯಿಂದ ರಕ್ತ ಕೆಳಗಿಳಿಸುವ ರಕ್ತನಾಳಗಳು ಸ್ವಲ್ಪ ಒತ್ತಡಕ್ಕೇ ಮುಚ್ಚಿಕೊಳ್ಳುತ್ತವೆ. ಒತ್ತಡ ಹೆಚ್ಚಿದರೆ ಮಿದುಳಿಗೆ ರಕ್ತ ಹೋಗುವ ದಾರಿಯೂ ಶ್ವಾಸನಾಳವೂ ಬಂದ್ ಆಗುತ್ತವೆ. ಪ್ರಜ್ಞೆ ತಪ್ಪಲು ತಡವಾಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಬಾಯಿ ಸಿಕ್ಕಿಕೊಂಡ ನಾಯಿಗೂ ಹಲ್ಲು ಮುರಿಯಬಹುದು, ದವಡೆ ಒಡೆಯಬಹುದು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಉಸಿರು ಕಟ್ಟಿದ ನಾಯಿಗೆ ಕಿರುಚಲು ಆಗುವುದಿಲ್ಲ. ಹೆಚ್ಚು ಕೂಗಾಡುವುದು ಬಾಯಿ ಸಿಕ್ಕಿಕೊಂಡ ನಾಯಿ. ನೋಡುವವರಿಗೆ ಅದೇ ಇನ್ನೊಂದರ ಕುತ್ತಿಗೆ ಹಿಡಿದು ಬಿಡುತ್ತಿಲ್ಲ ಎಂದು ಕಾಣುತ್ತದೆ. ಅದಕ್ಕೆ ಬಡಿಗೆಯಿಂದ ಹೊಡೆಯುತ್ತಾರೆ, ಹಿಂಗಾಲು ಹಿಡಿದು ಜಗ್ಗುತ್ತಾರೆ. ಜಗ್ಗಿದಷ್ಟೂ ಉರುಳು ಬಿಗಿಯುತ್ತದೆ.

ತಕ್ಷಣ ಏನು ಮಾಡಬೇಕು?

ಮೊದಲನೆಯದಾಗಿ, ಜಗ್ಗಬೇಡಿ. ಎರಡೂ ನಾಯಿಗಳನ್ನು ಒಂದರ ಹತ್ತಿರ ಒಂದು ಒತ್ತಿ ತನ್ನಿ. ಆಗ ಪಟ್ಟಿ ಸಡಿಲಾಗುತ್ತದೆ. ಒಬ್ಬರೇ ಇದ್ದರೆ ಕೂಗಿ ಇನ್ನೊಬ್ಬರನ್ನು ಕರೆಯಿರಿ. ಇದು ಇಬ್ಬರ ಕೆಲಸ. ಮಕ್ಕಳನ್ನು ದೂರ ಕಳಿಸಿ.

ಎರಡನೆಯದಾಗಿ, ಪಟ್ಟಿ ಯಾವ ಕಡೆಗೆ ತಿರುಚಿದೆ ನೋಡಿ. ಒಂದು ನಾಯಿಯನ್ನು ಅದರ ವಿರುದ್ಧ ದಿಕ್ಕಿಗೆ ಹೊರಳಿಸಿದರೆ ತಿರುಚು ಬಿಚ್ಚಿಕೊಳ್ಳಬಹುದು. ಆಮೇಲೆ ಬಕಲ್ ತೆಗೆಯಿರಿ. ಮುಳ್ಳು ಹಾಕುವ ಬಕಲ್ಲನ್ನು ತೆಗೆಯಬೇಕಾದರೆ ಅದನ್ನು ಮೊದಲು ಇನ್ನಷ್ಟು ಬಿಗಿಮಾಡಬೇಕಾಗುತ್ತದೆ. ಉಸಿರು ಕಟ್ಟಿದ ನಾಯಿಯ ಕೊರಳಲ್ಲಿ ಅದು ಸುಲಭವಲ್ಲ. ಬಾರದಿದ್ದರೆ ಪಟ್ಟಿಯನ್ನು ಕತ್ತರಿಸಿ. ಗಟ್ಟಿ ಕತ್ತರಿಯಿಂದ, ಗಂಟಲ ಕಡೆ ಅಲ್ಲದೆ ಕುತ್ತಿಗೆಯ ಹಿಂಬದಿಯಲ್ಲಿ ಕತ್ತರಿಸಬೇಕು. ಕುಡಗೋಲು, ಬ್ಲೇಡು ಬೇಡ. ನೂರು ರೂಪಾಯಿಯ ಬೆಲ್ಟು ಹಾಳಾಯಿತೆಂದು ಯೋಚಿಸುವ ಸಮಯ ಅದಲ್ಲ.

ಮೂರನೆಯದಾಗಿ, ನಿಮ್ಮ ಕೈ ಮತ್ತು ಮುಖವನ್ನು ಕಾಪಾಡಿಕೊಳ್ಳಿ. ಕೈಗೆ ದಪ್ಪ ಗೋಣಿಚೀಲವನ್ನೋ ಕಂಬಳಿಯನ್ನೋ ಸುತ್ತಿಕೊಳ್ಳಿ. ಬಾಯಿಯ ಹತ್ತಿರ ಮುಖ ಒಯ್ಯಬೇಡಿ. ನೋವಿನಲ್ಲಿರುವ ನಾಯಿಗೆ ಒಡೆಯನ ಗುರುತು ಹತ್ತುವುದಿಲ್ಲ.

ಉಸಿರು ಕಟ್ಟಿದ್ದ ನಾಯಿ ಎದ್ದು ಬಾಲ ಆಡಿಸಿದರೂ ಪಶುವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಏದುಸಿರು, ಕೆಮ್ಮು, ನಾಲಿಗೆ ನೀಲಿಗಟ್ಟುವುದು ಕಂಡರೆ ಒಂದು ಗಳಿಗೆಯೂ ತಡಮಾಡಬಾರದು.

ಕೈಗೆ ಹಲ್ಲು ತಗಲಿದರೆ

‘ನಮ್ಮ ನಾಯಿ, ಅದಕ್ಕೇನು ಹುಚ್ಚಿಲ್ಲ’ ಎಂದು ಸುಮ್ಮನಿರಬೇಡಿ. ಜಗತ್ತಿನಲ್ಲಿ ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ. 99ರವರೆಗೆ ನಾಯಿಗಳಿಂದಲೇ ಬರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಪಡೆದರೆ ಇದನ್ನು ಪೂರ್ತಿ ತಡೆಯಬಹುದು.

ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಏಕೆಂದರೆ ಎರಡು ನಿಮಿಷ ತೊಳೆದವರೂ ಹದಿನೈದು ನಿಮಿಷವಾಯಿತೆನ್ನುತ್ತಾರೆ. ಬಳಿಕ ಪೊವಿಡೋನ್ ಅಯೋಡಿನ್‌ನಂಥ ಔಷಧ ಹಚ್ಚಿ. ಸುಣ್ಣ, ಅರಿಸಿನ, ಖಾರದಪುಡಿ, ಎಕ್ಕದ ಹಾಲು ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಕೂಡಲೇ ಹೊಲಿಗೆ ಹಾಕಿಸಲು ಒತ್ತಾಯಿಸಬೇಡಿ.

ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹಿರಿಯರು ಹೆದರಿಸುವ ಕಾಲ ಈಗಿಲ್ಲ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲೇ ನಿಂತಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ ಇವುಗಳ ಜೊತೆಗೆ 14ನೆಯ ದಿನವೂ ಉಂಟು. ರಕ್ತ ಬರುವಂತೆ ಹಲ್ಲು ನಾಟಿದ್ದರೆ ಲಸಿಕೆಯಷ್ಟೇ ಸಾಲದು; ಗಾಯದ ಒಳಗೂ ಸುತ್ತಲೂ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧ ಕೊಡಬೇಕಾಗುತ್ತದೆ. ಹಿಂದೆ ಪೂರ್ತಿ ಲಸಿಕೆ ಪಡೆದಿದ್ದರೆ ಆ ಚೀಟಿ ತನ್ನಿ, ಆಗ ಕಡಿಮೆ ಚುಚ್ಚುಮದ್ದು ಸಾಕಾಗುತ್ತದೆ. ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂಬುದನ್ನೂ ವೈದ್ಯರು ನೋಡುತ್ತಾರೆ.

ನಾಯಿಯನ್ನು ಕೊಲ್ಲಬೇಡಿ, ಓಡಿಸಬೇಡಿ. 10 ದಿನ ಕಣ್ಣಮುಂದೆ ಇಟ್ಟುಕೊಳ್ಳಿ. ಅದು ಆರೋಗ್ಯವಾಗಿಯೇ ಉಳಿದರೆ ಮುಂದಿನ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ. ಆದರೆ ಹತ್ತು ದಿನ ನೋಡಿಕೊಂಡು ಆಮೇಲೆ ಲಸಿಕೆ ಶುರುಮಾಡೋಣ ಎನ್ನಬಾರದು.

ಕೈಯ ಗಾಯಕ್ಕೆ ಇನ್ನೊಂದು ಅಪಾಯವಿದೆ. ಬೆರಳುಗಳ ನರ, ಕೀಲುಗಳು ಚರ್ಮದ ತೀರಾ ಹತ್ತಿರ ಇರುತ್ತವೆ. ಹೊರಗೆ ಸಣ್ಣ ತೂತು ಕಂಡರೂ ಹಲ್ಲು ಆಳಕ್ಕೆ ಇಳಿದಿರುತ್ತದೆ. ಒಂದು ದಿನದೊಳಗೇ ಕೈ ಕೆಂಪಾಗಿ ಬಾತು ನೋವು ಏರಿದರೆ, ಬೆರಳು ಮಡಿಸಲು ಆಗದಿದ್ದರೆ, ಕೀವು ಆಗುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ ಇದ್ದವರಂತೂ ಕಾಯಲೇಬಾರದು.

ಮೊದಲೇ ಎಚ್ಚರ

ನಾಯಿಗಳನ್ನು ಆಡಲು ಬಿಡುವ ಮುನ್ನ ಎರಡರ ಪಟ್ಟಿಯನ್ನೂ ತೆಗೆದುಬಿಡಿ. ಒಂದರದನ್ನು ತೆಗೆದರೆ ಸಾಲದು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ, ಖರ್ಚು ಏನೂ ಇಲ್ಲ. ಆದರೆ ಇದು ಗೇಟು, ಕಾಂಪೌಂಡು ಇರುವ ಕಡೆಯ ಮಾತು. ರಸ್ತೆಗೆ ಓಡುವ ನಾಯಿಯನ್ನು ಪಟ್ಟಿಯಿಲ್ಲದೆ ಹೊರಗೆ ಬಿಡಬೇಡಿ. ಬಂಕಾಪುರದ ಕೋಟೆಯ ಕಡೆಗಂತೂ ಬಿಡಲೇಬಾರದು. ಅದು ನವಿಲುಗಳ ತಾಣ.

ಕಬ್ಬಿಣದ ಸರಪಳಿ, ಜಗ್ಗಿದರೆ ಬಿಗಿಯುವ ಜೀರುಗುಣಿಕೆಯ ಹಗ್ಗ ಆಟದ ಹೊತ್ತಿನಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಸರಪಳಿಯನ್ನು ಕತ್ತರಿಯಿಂದ ಕತ್ತರಿಸಲಾಗದು. ತೋಳ, ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲಿ ಎಂದು ಕುರಿ ಕಾಯುವ ನಾಯಿಗೆ ಕಟ್ಟುವ ಮುಳ್ಳಿನ ಪಟ್ಟಿಗೆ ಅದರದೇ ಕೆಲಸವಿದೆ. ಮನೆಯಂಗಳದಲ್ಲಿ ಅದು ಜೊತೆಗಾರ ನಾಯಿಯ ಬಾಯಿ ಹರಿಯುತ್ತದೆ. ಹೊಸದಾಗಿ ಕೊಳ್ಳುವವರು ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಕ್ಲಿಪ್ಪಿನ ಪಟ್ಟಿ ಕೊಳ್ಳಲಿ. ಜೋರಾಗಿ ಎಳೆದರೆ ತಾನಾಗಿಯೇ ಬಿಚ್ಚಿಕೊಳ್ಳುವ ಪಟ್ಟಿಗಳೂ ವಿದೇಶಗಳಲ್ಲಿ ಬಳಕೆಯಲ್ಲಿವೆ.

ಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ತೀರ ಸಡಿಲಾದರೆ ದವಡೆ ಸುಲಭವಾಗಿ ತೂರುತ್ತದೆ. ಮರಿಗಳಿಗೆ ಕಟ್ಟಿದ್ದನ್ನು ವಾರಕ್ಕೊಮ್ಮೆ ನೋಡಿ. ಮರಿ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಕಟ್ಟಿ ಮರೆತ ಹಗ್ಗ ಚರ್ಮ ಸೀಳಿ ಒಳಗಿಳಿದು ಹುಳು ಬಿದ್ದ ಎಷ್ಟೋ ಮರಿಗಳನ್ನು ನಮ್ಮ ಓಣಿಗಳಲ್ಲೇ ಕಾಣಬಹುದು.

ಕೊನೆಯದಾಗಿ, ಮನೆಯ ಪ್ರತಿ ನಾಯಿಗೂ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಮುಂದುವರಿಸಿ. ಮಕ್ಕಳಿಗೆ ಎರಡು ಮಾತು ಕಲಿಸಿ: ನಾಯಿಗಳು ಕಚ್ಚಾಡುತ್ತಿದ್ದರೆ ನಡುವೆ ಹೋಗಬಾರದು, ದೊಡ್ಡವರನ್ನು ಕರೆಯಬೇಕು, ಹಲ್ಲು ತಗಲಿದರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬಾರದು. ಮಗು ಹೇಳಿಕೊಂಡಾಗ ನೀವೂ ಬೈಯದೆ ಮೊದಲು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ.