ಅಂತರಗಂಗೆಯ ಕೋತಿ, ಕಾಂಗೋದ ಬೊನೊಬೊ

ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋದವರಿಗೆ ಎರಡು ಅನುಭವಗಳು ತಪ್ಪಿದ್ದಲ್ಲ. ಒಂದು, ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಬಸವನ ಬಾಯಿಂದ ಕಲ್ಯಾಣಿಗೆ ಸುರಿಯುವ ತಣ್ಣನೆಯ ನೀರು. ಇನ್ನೊಂದು, ಮೆಟ್ಟಿಲುಗಳ ಮೇಲೆ ಕಾದು ಕುಳಿತ ಕೋತಿಗಳು. ಕೈಯಲ್ಲಿ ಬಾಳೆಹಣ್ಣೋ ಕಡಲೆಪುರಿ ಪೊಟ್ಟಣವೋ ಇದ್ದರಂತೂ ಮುಗಿದೇ ಹೋಯಿತು! ಮಕ್ಕಳು ಕಿರುಚುತ್ತವೆ, ಅಮ್ಮಂದಿರು ಚೀಲವನ್ನು ಸೆರಗಿನೊಳಗೆ ಅವಿತಿಡುತ್ತಾರೆ, ಅಷ್ಟರಲ್ಲಿ ಪೊಟ್ಟಣ ಬಂಡೆಯ ಮೇಲೇರಿರುತ್ತದೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಈ ಸೀಮೆಯಲ್ಲಿ ಎರಡು ಭಾಷೆಯಲ್ಲೂ ಕೋತಿ ಕೋತಿಯೇ. ಬೈಗುಳವೂ ಅದೇ!

ಮೆಟ್ಟಿಲಿನಿಂದ ಸ್ವಲ್ಪ ದೂರ ಸರಿದು, ಮರದ ನೆರಳಲ್ಲಿ ಕುಳಿತು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಒಂದು ಹೆಣ್ಣು ಇನ್ನೊಂದರ ಬೆನ್ನಿನ ಕೂದಲು ಬಿಡಿಸಿ ಹೇನು ಹೆಕ್ಕುತ್ತಿರುತ್ತದೆ. ನೆತ್ತಿಯ ಕೂದಲು ಟೋಪಿಯಂತೆ ಹರಡಿರುವುದರಿಂದ ಇವಕ್ಕೆ ಬಾನೆಟ್ ಕೋತಿ ಎಂದು ಹೆಸರು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇವು ಸಹಜವಾಗಿ ಬದುಕುವುದಿಲ್ಲ. ಈ ಹಿಂಡಿನಲ್ಲಿ ಹೆಣ್ಣುಮಕ್ಕಳು ತವರು ಬಿಡುವುದಿಲ್ಲ. ಅಜ್ಜಿ, ತಾಯಿ, ಮಗಳು, ಚಿಕ್ಕಮ್ಮ ಎಲ್ಲರದೂ ಒಂದೇ ಹಿಂಡು. ತಾಯಿಗೆ ಎಂಥ ಸ್ಥಾನವೋ ಮಗಳಿಗೂ ಬಹುಮಟ್ಟಿಗೆ ಅದೇ. ಹುಟ್ಟಿದ ಹಿಂಡು ಬಿಟ್ಟು ಹೋಗುವುದು ಪ್ರಾಯಕ್ಕೆ ಬಂದ ಗಂಡು. ಅದು ಬೇರೆ ಹಿಂಡಿಗೆ ಹೋಗಿ ಒಂಥರಾ ಮನೆ ಅಳಿಯನಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಸಂಸಾರ ನೋಡಬೇಕೆಂದರೆ ಆಫ್ರಿಕಾಕ್ಕೆ ಹೋಗಬೇಕು. ಕಾಂಗೋ ನದಿಯ ದಕ್ಷಿಣದ ದಟ್ಟ ಮಳೆಕಾಡಿನಲ್ಲಿ ಮಾತ್ರ ಇರುವ, ಬಾಲವಿಲ್ಲದ ವಾನರ ಬೊನೊಬೊ. ಚಿಂಪಾಂಜಿಯ ಖಾಸಾ ದಾಯಾದಿ. ಮೈ ತೆಳು, ಮುಖ ಕಪ್ಪು, ತುಟಿ ಕೆಂಪು, ತಲೆಯಲ್ಲಿ ನಡುಬೈತಲೆ! 1929ರಲ್ಲಿ ಬೆಲ್ಜಿಯಂನ ವಸ್ತುಸಂಗ್ರಹಾಲಯವೊಂದರಲ್ಲಿದ್ದ ತಲೆಬುರುಡೆ ನೋಡಿ ಇದನ್ನು ಗುರುತಿಸಿದರು. 1933ರಲ್ಲಿ ಬೇರೆಯದೇ ಪ್ರಭೇದವೆಂದು ಒಪ್ಪಿಕೊಂಡರು. 2012ರಲ್ಲಿ ಇದರ ವಂಶವಾಹಿಗಳ ಪೂರ್ಣ ನಕ್ಷೆ ಸಿದ್ಧವಾದಾಗ ನಮಗೂ ಇದಕ್ಕೂ ಸುಮಾರು ಶೇಕಡ 98.7ರಷ್ಟು ಹೋಲಿಕೆ ಕಂಡಿತು. ಚಿಂಪಾಂಜಿಯೂ ನಮಗೆ ಅಷ್ಟೇ ಹತ್ತಿರ.

ಬೊನೊಬೊಗಳಲ್ಲಿ ಹುಟ್ಟಿದ ಗುಂಪು ಬಿಡುವುದು ಮಗಳು. ಪ್ರಾಯಕ್ಕೆ ಬರುವ ಹೊತ್ತಿಗೆ ಒಬ್ಬಳೇ ಹೊರಟು ಗುರುತು ಪರಿಚಯವಿಲ್ಲದ ಗುಂಪು ಸೇರುತ್ತಾಳೆ. ಅಲ್ಲಿ ತಾಯಿಯಿಲ್ಲ, ಅಕ್ಕತಂಗಿಯರ ಬೆಂಬಲವೂ ಇಲ್ಲ. ಗಂಡುಗಳು ಗಾತ್ರದಲ್ಲಿ ತುಸು ದೊಡ್ಡವು. ಇಂಥ ಕಡೆ ಅವಳ ಪಾಡೇನು? ಹೊಸಬಳು ಮಾಡುವ ಮೊದಲ ಕೆಲಸವೆಂದರೆ ಗುಂಪಿನ ಹಿರಿಯ ಹೆಣ್ಣೊಂದನ್ನು ಆರಿಸಿಕೊಂಡು ಅದರ ಹಿಂದೆ ಮುಂದೆ ಸುಳಿಯುವುದು. ಹೇನು ಹೆಕ್ಕುವುದು, ಮೈ ತಾಗಿಸುವುದು, ಪಕ್ಕದಲ್ಲಿ ಕುಳಿತು ತಿನ್ನುವುದು. ಹೊಸ ಸೊಸೆ ಹಿರಿಯ ಓರಗಿತ್ತಿಯ ಜೊತೆ ಹೊಂದಿಕೊಳ್ಳುವಂತೆ ಎನ್ನಿ. ರಕ್ತಸಂಬಂಧವೇ ಇಲ್ಲದ ಈ ಹೆಣ್ಣುಗಳ ನಂಟು ಗಂಡಿನ ತೋಳ್ಬಲಕ್ಕಿಂತ ಗಟ್ಟಿ. ಕಾಡಿನ 6 ಗುಂಪುಗಳಲ್ಲಿ ಸುಮಾರು 30 ವರ್ಷ ಕಲೆಹಾಕಿದ ವಿವರ 2025ರಲ್ಲಿ ಪ್ರಕಟವಾಯಿತು: ಗಂಡು-ಹೆಣ್ಣಿನ 1,786 ಜಗಳಗಳಲ್ಲಿ 1,099ರಲ್ಲಿ ಗೆದ್ದದ್ದು ಹೆಣ್ಣು. ಹೆಣ್ಣುಗಳು ಒಗ್ಗೂಡಿ ನಿಂತ ಪ್ರಸಂಗಗಳಲ್ಲಿ ಹೆಚ್ಚಿನವು ಗಂಡಿನ ವಿರುದ್ಧವೇ.

ಹಾಗೆಂದು ಬೊನೊಬೊಗಳನ್ನು ಶಾಂತಿದೂತರೆಂದು ಕರೆಯುವುದು ಅವಸರದ ಮಾತು. ಗಂಡುಗಳು ತಮ್ಮತಮ್ಮಲ್ಲಿ ಜಗಳವಾಡುತ್ತವೆ. ಚಿಂಪಾಂಜಿ ಗಂಡುಗಳಿಗಿಂತ ಹೆಚ್ಚು ಸಲವೇ ಆಡುತ್ತವೆಂದು 2024ರಲ್ಲಿ ಗೊತ್ತಾಯಿತು. ಆದರೆ ಚಿಂಪಾಂಜಿಗಳ ಹಾಗೆ ದಂಡು ಕಟ್ಟಿಕೊಂಡು ನೆರೆಯವರ ಮೇಲೆ ಬೀಳುವುದಿಲ್ಲ. ಎರಡು ಗುಂಪು ಎದುರಾದರೆ ಒಟ್ಟಿಗೆ ಕುಳಿತು ಹಣ್ಣು ಹಂಚಿಕೊಂಡು ತಿಂದದ್ದೂ ಉಂಟು. ಇನ್ನು ಮಗನ ವಿಷಯ ಕೇಳಬೇಡಿ! ಬದುಕಿರುವ ತನಕ ಅಮ್ಮನ ಸೆರಗು ಬಿಡುವುದಿಲ್ಲ. ಅಮ್ಮನ ಸ್ಥಾನ ದೊಡ್ಡದಾದರೆ ಮಗನ ನಡಿಗೆಯೇ ಬೇರೆ.

ದಾಯಾದಿಗಳಲ್ಲೇ ಇಷ್ಟು ವ್ಯತ್ಯಾಸ ಏಕೆ? ಹಲವು ವಿಜ್ಞಾನಿಗಳು ಬೆರಳು ತೋರುವುದು ಊಟದ ಕಡೆಗೆ. ನದಿಯ ದಕ್ಷಿಣಕ್ಕೆ ಗೊರಿಲ್ಲಾಗಳಿಲ್ಲ, ನೆಲದ ಸೊಪ್ಪುಸದೆಗೆ ಪೈಪೋಟಿ ಕಡಿಮೆ, ಹಣ್ಣಿನ ಮರಗಳು ದೊಡ್ಡವು. ನಮ್ಮ ಹಲಸಿನ ಕುಟುಂಬದ್ದೇ ಆದ ಟ್ರೆಕ್ಯುಲಿಯಾ ಹಣ್ಣು ಸಿಕ್ಕರೆ ಹಲವರು ಸುತ್ತ ಕುಳಿತು ತಿನ್ನಬಹುದು. ಹೆಣ್ಣುಗಳು ಚದುರದೆ ಒಟ್ಟಿಗಿರಲು ಸಾಧ್ಯವಾದದ್ದು ಇದರಿಂದ ಎಂಬುದು ಅವರ ತರ್ಕ.

ಈ ತರ್ಕ ಹಿಡಿದು ಮತ್ತೆ ಅಂತರಗಂಗೆಗೆ ಬನ್ನಿ. ಅತ್ತಿ, ಆಲದ ಮರ ಹಣ್ಣಾದಾಗ ಇಪ್ಪತ್ತು ಕೋತಿ ಒಂದೊಂದು ಕೊಂಬೆ ಹಿಡಿದು ತಿನ್ನಬಲ್ಲವು. ಚಿಪ್ಸ್ ಪೊಟ್ಟಣಕ್ಕೆ ಕೊಂಬೆಗಳಿಲ್ಲ! ಬಲಿಷ್ಠ ಕೋತಿ ಕಸಿಯುತ್ತದೆ, ಉಳಿದವು ಹಲ್ಲು ಕಿರಿಯುತ್ತವೆ, ಮರಿ ಹೊತ್ತ ತಾಯಿ ದೂರ ಉಳಿಯುತ್ತದೆ. ‘ಕೋತಿಬುದ್ಧಿ’ ಎಂದು ನಾವು ನಗುವುದರಲ್ಲಿ ಪೊಟ್ಟಣ ಕೊಟ್ಟ ಕೈಯ ಪಾಲೂ ಇದೆ.

ರಸ್ತೆಬದಿಯ ಸಾಲುಮರಗಳೂ ಉಳಿದಿಲ್ಲ. ಮೈಸೂರು ಸೀಮೆಯ ರಸ್ತೆಗಳಲ್ಲಿ ಕೋತಿಗಳನ್ನು 1989ರಿಂದ 2015ರವರೆಗೆ ಎಣಿಸುತ್ತ ಬಂದ ಮೇವಾ ಸಿಂಗ್ ಮತ್ತು ಸಂಗಡಿಗರಿಗೆ ಸಂಖ್ಯೆ ಶೇಕಡ 65ಕ್ಕೂ ಹೆಚ್ಚು ಕುಸಿದದ್ದು ಕಂಡಿತು. ಶ್ರೀನಿವಾಸಪುರದ ಮಾವಿನ ತೋಪಿನವರು ಇದನ್ನು ಓದಿ ನಕ್ಕಾರು. ಕಾಯಿ ಬಿಡುವ ಕಾಲಕ್ಕೆ ಕೋತಿ ಓಡಿಸುವ ಪಾಡು ಅವರಿಗೇ ಗೊತ್ತು. ತೋಪಿನಲ್ಲಿ, ಗುಡಿಯಲ್ಲಿ ಕೋತಿ ಹೆಚ್ಚಾಗಿ ಕಾಣುತ್ತದೆ ಎಂದರೆ ಊರಲ್ಲೆಲ್ಲ ಹೆಚ್ಚಿದೆ ಎಂದಲ್ಲ.

ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿಯುವ ನಮಗೆ ಕಾಂಗೋದ ವಾಂಬಾ ಹಳ್ಳಿಯ ಮಾತು ಅಪರಿಚಿತವೆನಿಸದು. ಬೊನೊಬೊ ಮನುಷ್ಯನ ಬಂಧು, ಅದನ್ನು ಬೇಟೆಯಾಡಬಾರದು ಎಂಬುದು ಅಲ್ಲಿನ ಹಿರಿಯರ ಕಟ್ಟಳೆ. 1970ರ ದಶಕದಲ್ಲಿ ಜಪಾನಿನ ತಕಾಯೋಶಿ ಕಾನೊ ಅಲ್ಲಿ ಬೊನೊಬೊಗಳ ಅಧ್ಯಯನ ಆರಂಭಿಸಲು ಆ ಕಟ್ಟಳೆಯೇ ನೆರವಾಯಿತು. ಮುಂದೆ ಯುದ್ಧ ಬಂತು, ಬಂದೂಕು ಬಂತು, ಕಟ್ಟಳೆ ಸಡಿಲವಾಯಿತು.

ಶಾಲೆಯ ಮಕ್ಕಳಿಗೆ ಒಂದು ಸಲಹೆ. ಮುಂದಿನ ಭಾನುವಾರ ಬೆಟ್ಟಕ್ಕೆ ಹೋದರೆ ತಿಂಡಿ ಮನೆಯಲ್ಲೇ ಇರಲಿ, ನೋಟುಪುಸ್ತಕ ಕೈಯಲ್ಲಿರಲಿ. ಅಪ್ಪನನ್ನೋ ಅಮ್ಮನನ್ನೋ ಪಕ್ಕ ಕೂರಿಸಿಕೊಂಡು, ಕೋತಿಯ ಕಣ್ಣನ್ನೇ ದಿಟ್ಟಿಸದೆ, ದೂರದಿಂದ ಅರ್ಧ ಗಂಟೆ ನೋಡಿ: ಯಾರು ಯಾರ ಹೇನು ಹೆಕ್ಕಿದರು, ಯಾರು ಬಂದಾಗ ಯಾರು ಎದ್ದು ಜಾಗ ಬಿಟ್ಟರು, ಮರಿ ಅತ್ತಾಗ ಯಾರು ಓಡಿಬಂದರು. ಕಾನೊ ವಾಂಬಾದಲ್ಲಿ ಬರೆದುಕೊಂಡದ್ದೂ ಇಂಥದ್ದನ್ನೇ.