ಉತ್ತರದ ಮಿಂಚು: ನಾರ್ವೆಯ ಬೂಡೊ/ಗ್ಲಿಮ್ಟ್ ಫುಟ್‌ಬಾಲ್ ಸಂಘ

ನಾರ್ವೆ ದಕ್ಷಿಣದಿಂದ ಉತ್ತರಕ್ಕೆ ಉದ್ದವಾಗಿ ಚಾಚಿಕೊಂಡಿರುವ ಕಿರಿದಾದ ನಾಡು. ರಾಜಧಾನಿಯಾದ ಓಸ್ಲೊ ಅದರ ದಕ್ಷಿಣ ಭಾಗದಲ್ಲಿದೆ. ದೇಶದ ಜನಸಂಖ್ಯೆಯ ಬಹುಪಾಲು, ದೊಡ್ಡ ಉದ್ಯಮಗಳು ಮತ್ತು ಆಡಳಿತ ಕಚೇರಿಗಳು ಇರುವುದೂ ದಕ್ಷಿಣದಲ್ಲಿಯೇ. ಉತ್ತರ ನಾರ್ವೆ ಎಂದರೆ ಬೆಟ್ಟ, ಕಡಲು, ಮೀನುಗಾರಿಕೆ ಮತ್ತು ದೂರದೂರ ಚದುರಿದ ಊರುಗಳ ಸೀಮೆ. ಆ ಸೀಮೆಯ ಬೂಡೊ ಎಂಬ ಪಟ್ಟಣದ ಫುಟ್‌ಬಾಲ್ ಸಂಘವು ಬಹುಕಾಲ ರಾಷ್ಟ್ರೀಯ ಸ್ಪರ್ಧೆಯ ಬಾಗಿಲ ಹೊರಗೇ ನಿಂತಿತ್ತು. ಅದೇ ಸಂಘವು ಮುಂದೆ ದೇಶದ ಚಾಂಪಿಯನ್ ಆಗಿ, ಯುರೋಪಿನ ಹೆಸರಾಂತ ತಂಡಗಳನ್ನು ಸೋಲಿಸಿತು. ಒಂದು ಪ್ರದೇಶದ ಸಾಮರ್ಥ್ಯವನ್ನು ಪರೀಕ್ಷಿಸದೆಯೇ ಅಳೆದುಬಿಡುವ ರೂಢಿ ಹೇಗೆ ಬೆಳೆಯುತ್ತದೆ, ಹೇಗೆ ಅಳಿಯುತ್ತದೆ ಎಂಬುದಕ್ಕೆ ಈ ಸಂಘದ ಇತಿಹಾಸವು ಒಳ್ಳೆಯ ನಿದರ್ಶನ.

ಊರು ಮತ್ತು ಹೆಸರು

ಬೂಡೊ ಪಟ್ಟಣವು ಸುಮಾರು 67 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪ ಮೇಲೆ, ಸಮುದ್ರತೀರದಲ್ಲಿದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಪ್ರಭಾವದಿಂದ ಅಲ್ಲಿನ ಬಂದರು ಚಳಿಗಾಲದಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಜೂನ್ ತಿಂಗಳಲ್ಲಿ ನಡುರಾತ್ರಿಯಲ್ಲಿಯೂ ಸೂರ್ಯ ಕಾಣುತ್ತಾನೆ. ಡಿಸೆಂಬರಿನಲ್ಲಿ ಹಗಲೆಂಬುದು ಕೆಲವು ಗಂಟೆಗಳ ಮಬ್ಬು ಬೆಳಕು ಮಾತ್ರ. ಪಟ್ಟಣಕ್ಕೆ 1816ರಲ್ಲಿ ವ್ಯಾಪಾರದ ಹಕ್ಕುಗಳು ದೊರೆತವು. ಎರಡನೆಯ ಮಹಾಯುದ್ಧದಲ್ಲಿ, 1940ರ ಮೇ 27ರಂದು, ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ಸಿಕ್ಕಿ ಊರಿನ ಮಧ್ಯಭಾಗವು ಬಹುಮಟ್ಟಿಗೆ ನಾಶವಾಯಿತು. ಈಗ ಕಾಣುವುದು ಆ ಬಳಿಕ ಕಟ್ಟಿದ ಊರು. ದಕ್ಷಿಣದಿಂದ ಬರುವ ರೈಲುದಾರಿ ಬೂಡೊ ತಲಪಿದ್ದು 1962ರಲ್ಲಿ. ಇಂದಿಗೂ ಆ ದಾರಿಯ ಕೊನೆಯ ನಿಲ್ದಾಣ ಅದೇ. ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳು ಸೇರಿದ ಪುರಸಭೆಯ ಜನಸಂಖ್ಯೆ ಸುಮಾರು 53,000.

ಊರಿನ ಹೆಸರಿನ ಕೊನೆಯ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ತುಟಿಗಳನ್ನು ‘ಒ’ ಎನ್ನುವಂತೆ ದುಂಡಗೆ ಮಾಡಿಕೊಂಡು ‘ಎ’ ಎಂದು ಉಚ್ಚರಿಸಿದರೆ ಆ ಧ್ವನಿ ಬರುತ್ತದೆ. ನಾರ್ವೇಜಿಯನ್ ಲಿಪಿಯಲ್ಲಿ ಅದಕ್ಕೆ ಅಡ್ಡಗೆರೆ ಎಳೆದ ಸೊನ್ನೆಯಂಥ ಪ್ರತ್ಯೇಕ ಅಕ್ಷರವಿದೆ. ‘ಗ್ಲಿಮ್ಟ್’ ಎಂದರೆ ಮಿಂಚು, ಕ್ಷಣದ ಹೊಳಪು. ಸಂಘವು 1916ರ ಸೆಪ್ಟೆಂಬರ್ 19ರಂದು ಸ್ಥಾಪನೆಯಾದಾಗ ಅದರ ಹೆಸರು ಬರಿಯ ‘ಗ್ಲಿಮ್ಟ್’ ಎಂದಿತ್ತು. ಅದೇ ಹೆಸರಿನ ಮತ್ತೊಂದು ಸಂಘ ದೇಶದಲ್ಲಿ ಇದ್ದುದರಿಂದ, ಗೊಂದಲವಾಗದಿರಲೆಂದು 1948ರಲ್ಲಿ ಊರಿನ ಹೆಸರನ್ನು ಮುಂದೆ ಸೇರಿಸಲಾಯಿತು. ಎರಡು ಪದಗಳ ನಡುವಿನ ಓರೆಗೆರೆ ಅಂದಿನಿಂದ ಉಳಿದುಕೊಂಡಿದೆ. ತಂಡದ ಉಡುಪಿನ ಬಣ್ಣ ಹಳದಿ.

ಮುಚ್ಚಿದ ಬಾಗಿಲು

ಸಂಘದ ಮೊದಲ ಅರ್ಧ ಶತಮಾನವನ್ನು ಅರ್ಥಮಾಡಿಕೊಳ್ಳಲು ಅಂದಿನ ನಿಯಮಗಳನ್ನು ತಿಳಿಯಬೇಕು. ನಾರ್ವೆಯ ರಾಷ್ಟ್ರೀಯ ಕಪ್ ಸ್ಪರ್ಧೆ 1902ರಿಂದ ನಡೆಯುತ್ತ ಬಂದಿದೆ. ಆದರೆ ಉತ್ತರ ನಾರ್ವೆಯ ಸಂಘಗಳಿಗೆ ಅದರಲ್ಲಿ ಭಾಗವಹಿಸಲು ಅವಕಾಶ ಸಿಕ್ಕಿದ್ದು 1963ರಲ್ಲಿ. ಅದಕ್ಕೆ ಮುನ್ನ ಅವು ತಮ್ಮ ತಮ್ಮಲ್ಲಿಯೇ ಪ್ರತ್ಯೇಕವಾದ ಉತ್ತರ ನಾರ್ವೆ ಚಾಂಪಿಯನ್‌ಷಿಪ್ ಆಡಬೇಕಾಗಿತ್ತು. ದೇಶದ ಅತ್ಯುನ್ನತ ಶ್ರೇಣಿಯ ಲೀಗಿಗೆ ಬಡ್ತಿ ಪಡೆಯುವ ಹಕ್ಕು ದೊರೆಯುವುದು ಇನ್ನೂ ತಡವಾಯಿತು. ನಾರ್ವಿಕ್ ಪಟ್ಟಣದ ಮ್ಯೋಲ್ನರ್ ಸಂಘವು 1972ರಲ್ಲಿ ಆ ಶ್ರೇಣಿಯಲ್ಲಿ ಆಡಿದ ಮೊದಲ ಉತ್ತರದ ತಂಡವಾಯಿತು.

ಈ ನಿರ್ಬಂಧಕ್ಕೆ ಕೊಡುತ್ತಿದ್ದ ಕಾರಣಗಳು ಎರಡು. ಮೊದಲನೆಯದು ದೂರ ಮತ್ತು ವೆಚ್ಚ. ರಸ್ತೆಯಲ್ಲಿ ಓಸ್ಲೊದಿಂದ ಬೂಡೊಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರವಿರುವುದರಿಂದ, ವಿಮಾನಯಾನ ಸುಲಭವಲ್ಲದ ಕಾಲದಲ್ಲಿ ಈ ಮಾತಿನಲ್ಲಿ ಹುರುಳಿತ್ತು. ಎರಡನೆಯದು, ಚಳಿ ಮತ್ತು ಕತ್ತಲೆಯ ನಾಡಿನ ಆಟಗಾರರು ದಕ್ಷಿಣದವರಿಗೆ ಸಮನಾಗಿ ಆಡಲಾರರು ಎಂಬ ನಂಬಿಕೆ. ಇದು ಪರೀಕ್ಷೆಗೆ ಒಳಗಾಗದ ನಂಬಿಕೆ. ಉತ್ತರದವರು ದುರ್ಬಲರಾದ್ದರಿಂದ ಅವರೊಡನೆ ಆಡುವುದು ಬೇಡ ಎನ್ನಲಾಗುತ್ತಿತ್ತು. ಆಡದೆ ಇದ್ದುದರಿಂದ ಅವರು ದುರ್ಬಲರೋ ಅಲ್ಲವೋ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಬಲಿಷ್ಠರೊಡನೆ ಆಡಿ ಪಳಗುವ ಅವಕಾಶವೂ ಇರಲಿಲ್ಲ. ಹೀಗೆ ನಂಬಿಕೆಯು ನಿಯಮವನ್ನು ಹುಟ್ಟಿಸಿತು, ನಿಯಮವು ನಂಬಿಕೆಯನ್ನು ಸಾಕಿತು.

1975ರ ಉತ್ತರ

ಬಾಗಿಲು ತೆರೆದ ಮೇಲೂ ಹೊಸ್ತಿಲು ಎತ್ತರವಾಗಿಯೇ ಇತ್ತು. ಎರಡನೆಯ ಶ್ರೇಣಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ದಕ್ಷಿಣದ ಎರಡು ಗುಂಪುಗಳ ವಿಜೇತರು ನೇರವಾಗಿ ಮೇಲಿನ ಶ್ರೇಣಿಗೆ ಏರುತ್ತಿದ್ದರು. ಉತ್ತರದ ಗುಂಪಿನ ವಿಜೇತ ತಂಡ ಮಾತ್ರ ದಕ್ಷಿಣದ ಗುಂಪುಗಳಲ್ಲಿ ಎರಡನೆಯ ಸ್ಥಾನ ಪಡೆದ ತಂಡಗಳೊಡನೆ ಅರ್ಹತಾ ಪಂದ್ಯಗಳನ್ನು ಆಡಿ ಗೆಲ್ಲಬೇಕಾಗಿತ್ತು. ಬೂಡೊ/ಗ್ಲಿಮ್ಟ್ 1974 ಮತ್ತು 1975ರಲ್ಲಿ ತನ್ನ ಗುಂಪನ್ನು ಗೆದ್ದರೂ ಅರ್ಹತಾ ಪಂದ್ಯಗಳಲ್ಲಿ ತಡೆಯಲ್ಪಟ್ಟಿತು.

ಅದೇ 1975ರಲ್ಲಿ, ಎರಡನೆಯ ಶ್ರೇಣಿಯಲ್ಲಿದ್ದ ಈ ತಂಡವು ರಾಷ್ಟ್ರೀಯ ಕಪ್ಪಿನ ಅಂತಿಮ ಪಂದ್ಯವನ್ನು ತಲಪಿತು. ಓಸ್ಲೊದ ಉಲ್ಲೆವೋಲ್ ಕ್ರೀಡಾಂಗಣದಲ್ಲಿ ಹೌಗೆಸುಂಡ್ ಪಟ್ಟಣದ ವಾರ್ಡ್ ತಂಡವನ್ನು 2–0 ಗೋಲುಗಳಿಂದ ಸೋಲಿಸಿತು. ಕಪ್ಪು ಮೊತ್ತಮೊದಲ ಬಾರಿಗೆ ಉತ್ತರಕ್ಕೆ ಹೋಯಿತು. ದೇಶದ ಕಪ್ ಗೆದ್ದ ತಂಡಕ್ಕೆ ದೇಶದ ಮೊದಲ ಶ್ರೇಣಿಯಲ್ಲಿ ಜಾಗವಿಲ್ಲ ಎಂಬ ವಿಚಿತ್ರ ಪರಿಸ್ಥಿತಿ ಎಲ್ಲರ ಕಣ್ಣಿಗೂ ಬಿತ್ತು. ಬಡ್ತಿಯ ನಿಯಮಗಳ ನ್ಯಾಯದ ಬಗೆಗೆ ಚರ್ಚೆ ಬಿಸಿಯೇರಿತು. ಮೂರನೆಯ ಪ್ರಯತ್ನದಲ್ಲಿ, 1976ರಲ್ಲಿ, ತಂಡವು ಅರ್ಹತಾ ಪಂದ್ಯಗಳನ್ನು ದಾಟಿತು. 1977ರಲ್ಲಿ ಮೊದಲ ಶ್ರೇಣಿಯಲ್ಲಿ ಆಡಿದ ಮೊದಲ ವರ್ಷವೇ ಎರಡನೆಯ ಸ್ಥಾನ ಗಳಿಸಿತು. ಚಳಿಯ ನಾಡಿನವರು ಸಮನಾಗಿ ಆಡಲಾರರು ಎಂಬ ವಾದಕ್ಕೆ ಆ ಬಳಿಕ ನೆಲೆ ಉಳಿಯಲಿಲ್ಲ.

ಆ ಕಾಲದ ಒಂದು ನೆನಪು ಇಂದಿಗೂ ಪ್ರೇಕ್ಷಕರ ನಡುವೆ ಜೀವಂತವಾಗಿದೆ. 1970ರ ದಶಕದಲ್ಲಿ ಅಭಿಮಾನಿಗಳ ಮುಂದಾಳೊಬ್ಬರು ಹಾಡು, ಕೂಗುಗಳಿಗೆ ತಾಳ ತೋರಿಸಲು ಹಲ್ಲುಜ್ಜುವ ಬ್ರಷ್ಷನ್ನು ಹಿಡಿದರೆಂದು ಹೇಳುತ್ತಾರೆ. ಆಳೆತ್ತರದ ಹಳದಿ ಬ್ರಷ್ಷುಗಳು ಅಂದಿನಿಂದ ಸಂಘದ ಗುರುತಾಗಿವೆ.

ಏಳುಬೀಳು

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಅಪೂರ್ಣವಾಗುತ್ತದೆ. ಅವಕಾಶ ದೊರೆತ ಮಾತ್ರಕ್ಕೆ ಯಶಸ್ಸು ನೆಲೆನಿಲ್ಲಲಿಲ್ಲ. 1980ರಲ್ಲಿ ತಂಡವು ಕೆಳಗಿನ ಶ್ರೇಣಿಗೆ ಇಳಿಯಿತು. ಆ ದಶಕದಲ್ಲಿ ಮೂರನೆಯ ಶ್ರೇಣಿಯವರೆಗೂ ಕುಸಿಯಿತು. 1993ರಲ್ಲಿ ಮೇಲಿನ ಶ್ರೇಣಿಗೆ ಮರಳಿದ ವರ್ಷವೇ ಸ್ಟ್ರೋಮ್ಸ್‌ಗೋಡ್ಸೆಟ್ ತಂಡವನ್ನು ಸೋಲಿಸಿ ಎರಡನೆಯ ಬಾರಿ ಕಪ್ ಗೆದ್ದು, ಲೀಗಿನಲ್ಲಿಯೂ ಎರಡನೆಯ ಸ್ಥಾನ ಪಡೆಯಿತು. ಮತ್ತೆ 2005, 2009 ಮತ್ತು 2016ರಲ್ಲಿ ಕೆಳಕ್ಕಿಳಿಯಿತು. 2010ರ ಸುಮಾರಿಗೆ ಹಣದ ಮುಗ್ಗಟ್ಟು ಎಷ್ಟಾಯಿತೆಂದರೆ ಆಟಗಾರರ ವೇತನಕ್ಕೂ ತತ್ವಾರವಾಗಿ, ಸಂಘವು ದಿವಾಳಿಯ ಅಂಚಿಗೆ ಬಂದಿತು. ಊರಿನವರು ದೇಣಿಗೆ ಕೂಡಿಸಿ ಅದನ್ನು ಉಳಿಸಿಕೊಂಡರು. ನಾರ್ವೆಯಲ್ಲಿ ಕ್ರೀಡಾಸಂಘಗಳು ಸದಸ್ಯರ ಒಡೆತನದಲ್ಲಿರುವ ಸಂಸ್ಥೆಗಳು; ಸಂಘ ಮುಳುಗಿದರೆ ಊರಿನ ಮಕ್ಕಳ ಆಟದ ವ್ಯವಸ್ಥೆಗೂ ಪೆಟ್ಟು ಬೀಳುತ್ತದೆ.

ಊರು ಮತ್ತು ಸಂಘದ ಈ ನಂಟಿಗೆ ಬೆರ್ಗ್ ಮನೆತನವೇ ಸಾಕ್ಷಿ. 1975ರ ಕಪ್ ಗೆದ್ದ ತಂಡದಲ್ಲಿದ್ದ ಹರಾಲ್ಡ್ ಬೆರ್ಗ್ ರಾಷ್ಟ್ರೀಯ ತಂಡದ ಹೆಸರಾಂತ ಆಟಗಾರ. ಅವರ ಮಕ್ಕಳಾದ ಓರ್ಯಾನ್, ರೂನರ್ ಮತ್ತು ಆರಿಲ್ಡ್ ಮೂವರೂ ಈ ಸಂಘಕ್ಕೆ ಆಡಿದರು. ಓರ್ಯಾನ್ ಅವರ ಮಗ ಪಾಟ್ರಿಕ್ ಬೆರ್ಗ್ ಇಂದಿನ ತಂಡದ ಆಧಾರಸ್ತಂಭ.

ಹೊಸ ವಿಧಾನ

2017ರಲ್ಲಿ ತಂಡವು ಎರಡನೆಯ ಶ್ರೇಣಿಯಲ್ಲಿತ್ತು. ಆ ವರ್ಷ ಸಹಾಯಕ ತರಬೇತುದಾರರಾಗಿ ಬಂದ ಷೆಟಿಲ್ ಕ್ನುಟ್ಸೆನ್ 2018ರಲ್ಲಿ ಮುಖ್ಯ ತರಬೇತುದಾರರಾದರು. ಮೊದಲ ವರ್ಷ ತಂಡಕ್ಕೆ ದೊರೆತದ್ದು 11ನೆಯ ಸ್ಥಾನ. ಆದರೂ ಸಂಘವು ಅವರನ್ನು ಬದಲಿಸದೆ ಕಾದಿತು. ಬೂಡೊದ ವಾಯುನೆಲೆಯಲ್ಲಿ ಯುದ್ಧವಿಮಾನ ಚಾಲಕರಾಗಿದ್ದ ಬ್ಯೋರ್ನ್ ಮಾನ್ಸ್‌ವೆರ್ಕ್ ಆಟಗಾರರ ಮಾನಸಿಕ ತರಬೇತಿಯನ್ನು ವಹಿಸಿಕೊಂಡರು. ಗೆಲುವಿನ ಸಂಖ್ಯೆಯನ್ನಾಗಲಿ ಅಂಕಪಟ್ಟಿಯ ಸ್ಥಾನವನ್ನಾಗಲಿ ಗುರಿಯಾಗಿ ಇಟ್ಟುಕೊಳ್ಳದೆ, ಪ್ರತಿ ಅಭ್ಯಾಸವನ್ನೂ ಪ್ರತಿ ಪಂದ್ಯವನ್ನೂ ಚೆನ್ನಾಗಿ ಆಡುವುದರ ಮೇಲೆ ಗಮನವಿಡುವುದು ಈ ವಿಧಾನದ ತಿರುಳು. ಎದುರಾಳಿ ಗೋಲು ಹೊಡೆದಾಗ ಆಟಗಾರರು ಮೈದಾನದಲ್ಲಿಯೇ ವೃತ್ತಾಕಾರವಾಗಿ ಕೂಡಿಕೊಂಡು, ಆದದ್ದೇನೆಂದು ನಾಲ್ಕು ಮಾತು ಆಡಿ, ಮತ್ತೆ ಆಟಕ್ಕೆ ಮರಳುತ್ತಾರೆ. ತಪ್ಪಿತಸ್ಥನನ್ನು ಹುಡುಕುವುದು ಆ ಕೂಟದ ಉದ್ದೇಶವಲ್ಲ.

ಫಲ ನಿಧಾನವಾಗಿ ಬಂದಿತು. 2019ರಲ್ಲಿ ಎರಡನೆಯ ಸ್ಥಾನ. 2020ರಲ್ಲಿ ಚಾಂಪಿಯನ್ ಪಟ್ಟ. ಉತ್ತರ ನಾರ್ವೆಯ ಸಂಘವೊಂದು ದೇಶದ ಲೀಗನ್ನು ಗೆದ್ದದ್ದು ಅದೇ ಮೊದಲು. ಆ ವರ್ಷ 30 ಪಂದ್ಯಗಳಲ್ಲಿ 26 ಗೆಲುವು, 3 ಸಮ, ಒಂದೇ ಸೋಲು. ಹೊಡೆದ ಗೋಲುಗಳು 103. ಎರಡನೆಯ ಸ್ಥಾನದ ಮೋಲ್ಡೆ ತಂಡಕ್ಕೂ ಅದಕ್ಕೂ 19 ಅಂಕಗಳ ಅಂತರವಿತ್ತು. ಊರಿನ ಹುಡುಗ ಯೆನ್ಸ್ ಪೆಟ್ಟರ್ ಹೌಗೆ ಆ ವರ್ಷವೇ ಇಟಲಿಯ ಮಿಲಾನ್ ಸಂಘಕ್ಕೆ ಹೋದರು. ಕೆಲವು ವರ್ಷಗಳ ಬಳಿಕ ಮರಳಿ ಬಂದರು. 2021, 2023 ಮತ್ತು 2024ರಲ್ಲಿಯೂ ಲೀಗ್ ಬೂಡೊ ಪಾಲಾಯಿತು.

ಯುರೋಪಿನ ಅಂಗಳದಲ್ಲಿ

2021ರ ಅಕ್ಟೋಬರ್ 21ರಂದು ಇಟಲಿಯ ರೋಮಾ ತಂಡವು ಬೂಡೊಗೆ ಬಂದು 6–1 ಗೋಲುಗಳಿಂದ ಸೋತಿತು. ಕಾನ್ಫರೆನ್ಸ್ ಲೀಗ್ ಎಂಬ ಆ ಸ್ಪರ್ಧೆಯನ್ನು ಕೊನೆಗೆ ಗೆದ್ದದ್ದು ಅದೇ ರೋಮಾ. ಕ್ವಾರ್ಟರ್ ಫೈನಲಿನಲ್ಲಿ ಅದು ಬೂಡೊವನ್ನು ಸೋಲಿಸಿ ಮುಂದೆ ಸಾಗಿತ್ತು. 2025ರ ಏಪ್ರಿಲಿನಲ್ಲಿ ಬೂಡೊ/ಗ್ಲಿಮ್ಟ್ ರೋಮ್ ನಗರದ ಇನ್ನೊಂದು ತಂಡವಾದ ಲಾಜಿಯೊವನ್ನು ಪೆನಾಲ್ಟಿ ಒದೆತಗಳಲ್ಲಿ ಮಣಿಸಿ ಯುರೋಪಾ ಲೀಗಿನ ಸೆಮಿಫೈನಲ್ ತಲಪಿತು. ಯುರೋಪಿನ ಪ್ರಮುಖ ಸ್ಪರ್ಧೆಯೊಂದರಲ್ಲಿ ನಾರ್ವೆಯ ಯಾವ ಸಂಘವೂ ಅಲ್ಲಿಯವರೆಗೆ ಹೋಗಿರಲಿಲ್ಲ. ಅಲ್ಲಿ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ತಂಡಕ್ಕೆ ಎರಡು ಪಂದ್ಯ ಸೇರಿ 5–1ರಿಂದ ಸೋತಿತು. ಅದೇ ವರ್ಷದ ಆಗಸ್ಟಿನಲ್ಲಿ ಆಸ್ಟ್ರಿಯಾದ ಸ್ಟುರ್ಮ್ ಗ್ರಾಟ್ಸ್ ತಂಡವನ್ನು ದಾಟಿ ಚಾಂಪಿಯನ್ಸ್ ಲೀಗಿನ ಮುಖ್ಯ ಹಂತಕ್ಕೆ ಮೊದಲ ಬಾರಿ ಪ್ರವೇಶ ಪಡೆಯಿತು.

ಈ ಗೆಲುವುಗಳಲ್ಲಿ ಹವಾಮಾನದ ಪಾಲೂ ಇದೆಯೆಂದು ಎದುರಾಳಿಗಳು ಹೇಳುವುದುಂಟು. ಆಸ್ಪ್‌ಮೀರಾ ಕ್ರೀಡಾಂಗಣದ ನೆಲ ಕೃತಕ ಹುಲ್ಲಿನದು. ಗಾಳಿ, ಹಿಮ, ಚಳಿ ಹೊಸಬರಿಗೆ ಕಷ್ಟವೇ. ಆದರೆ ಹಿಂದೆ ಉತ್ತರದವರನ್ನು ಹೊರಗಿಡಲು ಕೊಟ್ಟ ಕಾರಣವೂ ಅದೇ ಚಳಿ ಎಂಬುದನ್ನು ಇಲ್ಲಿ ನೆನೆಯಬೇಕು. ಅಂದು ಕೊರತೆಯೆಂದು ಎಣಿಸಿದ್ದನ್ನೇ ಇಂದು ಅನುಕೂಲವೆಂದು ಆಕ್ಷೇಪಿಸಲಾಗುತ್ತಿದೆ.

ತರಗತಿಯಲ್ಲಿ ಬಳಕೆ

ಈ ವಿಷಯವನ್ನು ಪ್ರೌಢಶಾಲೆಯ ತರಗತಿಗಳಲ್ಲಿ ಮೂರು ಬಗೆಯಲ್ಲಿ ಬಳಸಬಹುದು. ಭೂಗೋಳದ ಪಾಠದಲ್ಲಿ ಬೂಡೊವನ್ನು ಭೂಪಟದಲ್ಲಿ ಗುರುತಿಸಿ, ಆರ್ಕ್ಟಿಕ್ ವೃತ್ತದ ಮೇಲಿದ್ದರೂ ಬಂದರು ಹೆಪ್ಪುಗಟ್ಟದಿರುವ ಕಾರಣವನ್ನು ಮಕ್ಕಳಿಂದಲೇ ಹೇಳಿಸಬಹುದು. ಗಣಿತದಲ್ಲಿ 30 ಪಂದ್ಯಗಳಿಗೆ 103 ಗೋಲುಗಳ ಸರಾಸರಿಯನ್ನು ತೆಗೆಸಬಹುದು. ಗೆಲುವಿಗೆ 3, ಸಮಕ್ಕೆ 1 ಅಂಕದಂತೆ ತಂಡದ ಒಟ್ಟು ಅಂಕ 81 ಎಂಬುದನ್ನು ಲೆಕ್ಕಹಾಕಿಸಬಹುದು. ಕ್ರೀಡಾಂಗಣದಲ್ಲಿ ಸುಮಾರು 8,000 ಜನರಿಗೆ ಸ್ಥಳವಿದೆ. ಪುರಸಭೆಯ ಜನಸಂಖ್ಯೆಯಲ್ಲಿ ಎಷ್ಟು ಮಂದಿಗೆ ಒಬ್ಬರು ಒಳಗೆ ಕೂರಬಹುದೆಂಬುದು ಅನುಪಾತಕ್ಕೆ ಒಳ್ಳೆಯ ಲೆಕ್ಕ.

ಮೂರನೆಯದು ಭಾಷಾ ತರಗತಿಯ ಚರ್ಚೆ. ಉತ್ತರದ ಸಂಘಗಳನ್ನು ಹೊರಗಿಡಲು ಕೊಟ್ಟ ಎರಡು ಕಾರಣಗಳನ್ನು ಹಲಗೆಯ ಮೇಲೆ ಬರೆದು, ಅವುಗಳಲ್ಲಿ ಯಾವುದು ಪರಿಶೀಲಿಸಬಹುದಾದ ಸಂಗತಿ, ಯಾವುದು ಬರಿಯ ಊಹೆ ಎಂದು ಮಕ್ಕಳು ವಿಂಗಡಿಸಲಿ. ದೂರ ನಿಜವಾದ ತೊಡಕು. ಅದಕ್ಕೆ ರೈಲು, ವಿಮಾನ, ಹಣದ ನೆರವು ಎಂಬ ಪರಿಹಾರಗಳಿವೆ. ಸಾಮರ್ಥ್ಯವಿಲ್ಲ ಎಂಬುದಕ್ಕೆ ಇರುವ ಪರಿಹಾರ ಒಂದೇ, ಆಡಲು ಬಿಟ್ಟು ನೋಡುವುದು. ನಾರ್ವೆಯಲ್ಲಿ ಕಪ್ ಸ್ಪರ್ಧೆಯನ್ನು ತೆರೆದ ವರ್ಷಕ್ಕೂ ಕಪ್ಪು ಉತ್ತರಕ್ಕೆ ಹೋದ ವರ್ಷಕ್ಕೂ ನಡುವಣ ಅಂತರ ಹನ್ನೆರಡು ವರ್ಷ ಮಾತ್ರ. ಅದಕ್ಕೆ ಮುನ್ನ ಅವಕಾಶವಿಲ್ಲದೆ ಆಡಿ ಮುಗಿಸಿದ ಎಷ್ಟೋ ಆಟಗಾರರ ಸಾಮರ್ಥ್ಯವನ್ನು ಅಳೆಯಲು ಈಗ ಯಾವ ದಾರಿಯೂ ಇಲ್ಲ.